ಕ್ವೇಸಾರ್ ಬೆಳಕಿನ ಏರಿಳಿತಕ್ಕೆ ಮಾದರಿ ಹೊಂದಿಸುವುದು ಹೇಗೆ: ಟೌ ಕೈಕೊಡುವ ಜಾಗಗಳು ಮತ್ತು ತಪ್ಪದ ದಾರಿ

ಕ್ವೇಸಾರ್ ಎಂದರೆ ದೂರದ ಗೆಲಾಕ್ಸಿಯ ನಡುವಿನ ದೈತ್ಯ ಕಪ್ಪುಕುಳಿ ಮತ್ತು ಅದರೊಳಗೆ ಬೀಳುತ್ತ ಹೊಳೆಯುವ ಅನಿಲದ ತಟ್ಟೆ. ಅದರ ಬೆಳಕು ಕಾಲಕ್ಕೆ ತಕ್ಕಂತೆ ಏರಿಳಿದ ದಾಖಲೆಯೇ ಲೈಟ್ ಕರ್ವ್. ಅದನ್ನು ಇಳಿಸಿಕೊಂಡು, ಪೈಥಾನ್‌ನಲ್ಲಿ ಹತ್ತಿಪ್ಪತ್ತು ಸಾಲು ಬರೆದು, "ಟೌ 640 ದಿನ" ಎಂಬ ಉತ್ತರ ಪಡೆಯುವುದು ಕಷ್ಟವೇನಲ್ಲ. (ಟೌ ಎಂದರೆ ಆ ಏರಿಳಿತದ ನೆನಪು ಉಳಿಯುವ ಕಾಲ, ಮುಂದೆ ವಿವರಿಸುತ್ತೇನೆ.) ಆ 640 ಕ್ವೇಸಾರ್‌ನ ಗುಣವೋ ಅಥವಾ ನೀವು ಅದನ್ನು ಏಳೇ ವರ್ಷ ನೋಡಿದ್ದರ ಫಲವೋ ಎಂದು ತಿಳಿಯುವುದು ಕಷ್ಟ. ಈ ಕೆಲಸಕ್ಕೆ ಕೈ ಹಾಕಿದ ವಿದ್ಯಾರ್ಥಿಗಳು ನನಗೆ ತೋರಿಸುವ ಫಲಿತಾಂಶಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಇದೇ. ಕೋಡ್ ಸರಿಯಾಗಿರುತ್ತದೆ, ಗ್ರಾಫ್ ಚೆನ್ನಾಗಿರುತ್ತದೆ, ಆದರೆ ಕೆಲಸ ಮಾಡಿದ ಕ್ರಮ ತಪ್ಪಿರುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕೊನೆಗೂ ಕೇಳಿರುವುದಿಲ್ಲ.

ಇಲ್ಲಿ ಬಳಸುವ ಮಾದರಿಯ ಹೆಸರು ಡ್ಯಾಂಪ್ಡ್ ರ‍್ಯಾಂಡಮ್ ವಾಕ್, ಚಿಕ್ಕದಾಗಿ ಡಿಆರ್‌ಡಬ್ಲ್ಯೂ. ಗೂಟಕ್ಕೆ ರಬ್ಬರ್ ಹಗ್ಗದಲ್ಲಿ ಕಟ್ಟಿದ ದನವನ್ನು ನೆನೆಸಿಕೊಳ್ಳಿ. ದನ ಮನಸ್ಸಿಗೆ ಬಂದ ಕಡೆ ಹೆಜ್ಜೆ ಇಡುತ್ತದೆ, ದೂರ ಹೋದಷ್ಟೂ ಹಗ್ಗ ಗೂಟದ ಕಡೆಗೆ ಎಳೆಯುತ್ತದೆ. ಗೂಟ ಅಂದರೆ ಸರಾಸರಿ ಕಾಂತಿಮಾನ (ಬೆಳಕಿನ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ವಸ್ತು ಪ್ರಖರ). ದನ ಗೂಟದಿಂದ ಸಾಮಾನ್ಯವಾಗಿ ಎಷ್ಟು ದೂರದಲ್ಲಿರುತ್ತದೆ ಎಂಬುದು ಸಿಗ್ಮಾ. ತಾನು ಎಲ್ಲಿದ್ದೆ ಎಂಬುದನ್ನು ಮರೆಯಲು ಅದಕ್ಕೆ ಬೇಕಾಗುವ ಕಾಲ ಟೌ. ಎರಡು ರಾತ್ರಿಗಳ ಅಂತರ ಹೆಚ್ಚಿದಂತೆ ಅವುಗಳ ಕಾಂತಿಮಾನದ ನಂಟು ಘಾತೀಯವಾಗಿ ಕುಗ್ಗುತ್ತದೆ. ಒಂದು ಟೌ ಕಳೆದರೆ ಅದು ಸುಮಾರು 37 ಪ್ರತಿಶತಕ್ಕೆ ಇಳಿಯುತ್ತದೆ. ಮಾದರಿ ಇಷ್ಟೇ.

ಉದಾಹರಣೆಗೆ ಕನ್ಯಾ ರಾಶಿಯ ಪಿಜಿ 1302-102 ಕ್ವೇಸಾರನ್ನು ಇಟ್ಟುಕೊಳ್ಳೋಣ. ಕೆಂಪು ಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕಿನ ಅಲೆ ಎಷ್ಟು ಹಿಗ್ಗಿದೆ ಎಂಬ ಅಳತೆ) 0.278, ಕಾಂತಿಮಾನ 15ರ ಆಸುಪಾಸು. ಹಲವು ಸಮೀಕ್ಷೆಗಳು ಇದನ್ನು ನೋಡಿವೆ, ಇದರ ಸುತ್ತ ನಡೆದ ವಾದವೂ ನಮಗೆ ಪಾಠವಾಗುತ್ತದೆ.

## ಕೈಯಲ್ಲಿ ಇರಬೇಕಾದವು

ಪೈಥಾನ್, ಜೊತೆಗೆ ನಂಪೈ ಮತ್ತು ಆಸ್ಟ್ರೋಪೈ. ಮಾದರಿ ಹೊಂದಿಸಲು ಸೆಲೆರೈಟ್ ಅಥವಾ ಅದರ ಎರಡನೇ ಆವೃತ್ತಿ, ಅನಿಶ್ಚಿತತೆ ಅಳೆಯಲು ಎಮ್ಸೀ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಸೆಲೆರೈಟ್‌ನ ಲೆಕ್ಕದ ಹೊರೆ ಬಿಂದುಗಳ ಸಂಖ್ಯೆಗೆ ತಕ್ಕಷ್ಟೇ ಏರುತ್ತದೆ. ಸಾವಿರ ಬಿಂದುಗಳಿಗೆ ಹತ್ತು ಲಕ್ಷ ಮನೆಗಳ ಮ್ಯಾಟ್ರಿಕ್ಸನ್ನು ಪ್ರತಿ ಸಲ ತಿರುವುಹಾಕುವ ಕಷ್ಟ ಇಲ್ಲಿಲ್ಲ.

## ಹಂತ 1: ಅವಧಿ ಸಾಲುತ್ತದೆಯೇ ಎಂದು ಕಾಗದದ ಮೇಲೆ ಲೆಕ್ಕ ಹಾಕಿ

ಕಂಪ್ಯೂಟರ್ ತೆರೆಯುವ ಮುಂಚೆ ಮಾಡಬೇಕಾದ ಕೆಲಸ ಇದು. ಎಲ್ಲರೂ ಹಾರಿಸುವ ಹಂತವೂ ಇದೇ.

2017ರಲ್ಲಿ ಕೊಝ್ವೊವ್‌ಸ್ಕಿ ಅವರು ನಕಲಿ ಲೈಟ್ ಕರ್ವ್‌ಗಳ ಮೂಲಕ ತೋರಿಸಿದ್ದು: ವೀಕ್ಷಣೆಯ ಒಟ್ಟು ಉದ್ದ ಟೌಗಿಂತ ಕನಿಷ್ಠ ಹತ್ತು ಪಟ್ಟು ಇಲ್ಲದಿದ್ದರೆ ಟೌ ನಂಬಿಕೆಗೆ ಅರ್ಹವಲ್ಲ. ಅದಕ್ಕಿಂತ ಕಡಿಮೆಯಾದರೆ ಉತ್ತರ ವೀಕ್ಷಣೆಯ ಉದ್ದದ ಐದನೇ ಒಂದು ಭಾಗದಿಂದ ಮೂರನೇ ಒಂದು ಭಾಗದ ನಡುವೆ ಎಲ್ಲೋ ಬಂದು ಕೂರುತ್ತದೆ. ಮೇಲೆ ಹೇಳಿದ 640 ದಿನ ಏಳು ವರ್ಷದ ಕಾಲು ಭಾಗ ಎಂಬುದನ್ನು ಗಮನಿಸಿ.

ಕ್ವೇಸಾರ್ ತನ್ನ ಜಾಗದಲ್ಲಿ ಅನುಭವಿಸುವ ಕಾಲ ಬೇರೆ, ನಮಗೆ ಕಾಣುವ ಕಾಲ ಬೇರೆ. ಅಲ್ಲಿನ ಟೌ ಅನ್ನು ಒಂದು ಕೂಡಿಸಿದ ಕೆಂಪು ಪಲ್ಲಟದಿಂದ ಗುಣಿಸಿದರೆ ನಮಗೆ ಕಾಣುವ ಟೌ ಸಿಗುತ್ತದೆ. ಅಲ್ಲಿ 200 ದಿನ ಇದ್ದರೆ ಪಿಜಿ 1302-102ರಲ್ಲಿ ನಮಗೆ 256 ದಿನ. ಅದರ ಹತ್ತು ಪಟ್ಟು 2,560 ದಿನ, ಅಂದರೆ ಏಳು ವರ್ಷ. ಅದೇ ಕ್ವೇಸಾರ್ ಕೆಂಪು ಪಲ್ಲಟ 2ರಲ್ಲಿದ್ದರೆ 600 ದಿನ, ಹತ್ತು ಪಟ್ಟಿಗೆ 16 ವರ್ಷಕ್ಕೂ ಮೇಲೆ. ಝ್ವಿಕಿ ಟ್ರಾನ್ಸಿಯೆಂಟ್ ಫೆಸಿಲಿಟಿ ಎಂಬ ಆಕಾಶ ಸಮೀಕ್ಷೆ, ಅಂದರೆ ಝಡ್‌ಟಿಎಫ್, 2018ರಲ್ಲಿ ಆರಂಭವಾದದ್ದು. ದೂರದ ಕ್ವೇಸಾರ್‌ಗೆ ಅದೊಂದೇ ಸಾಲದು.

ಕಪ್ಪುಕುಳಿಯ ತೂಕ ಗೊತ್ತಿದ್ದರೆ ಊಹೆ ಇನ್ನಷ್ಟು ಬಿಗಿಯಾಗುತ್ತದೆ. 2021ರಲ್ಲಿ ಬರ್ಕ್ ಮತ್ತು ಸಂಗಡಿಗರು ಕೊಟ್ಟ ಸಂಬಂಧದ ಪ್ರಕಾರ 10 ಕೋಟಿ ಸೂರ್ಯರ ತೂಕದ ಕಪ್ಪುಕುಳಿಗೆ ಟೌ ಸುಮಾರು 107 ದಿನ, ತೂಕ ಏರಿದಂತೆ ಅದರ 0.38ನೇ ಘಾತದಷ್ಟು ಏರುತ್ತದೆ. 100 ಕೋಟಿ ಸೂರ್ಯರ ತೂಕಕ್ಕೆ ಸುಮಾರು 257 ದಿನ. ಈ ಸಂಬಂಧವನ್ನು ಊಹೆಗೆ ಮಾತ್ರ ಬಳಸಿ. ಮುಂದೆ ಮಾದರಿ ಹೊಂದಿಸುವಾಗ ಇದನ್ನೇ ಬಿಗಿಯಾದ ಪೂರ್ವನಂಬಿಕೆಯಾಗಿ (ದತ್ತಾಂಶ ನೋಡುವ ಮೊದಲೇ ಮಾದರಿಗೆ ಕೊಡುವ ಊಹೆಯಾಗಿ) ತುರುಕಿದರೆ ಹಾಕಿದ್ದೇ ತಿರುಗಿ ಬರುತ್ತದೆ.

ಲೆಕ್ಕ ಸಾಲದು ಎಂದು ಬಂದರೂ ಕೆಲಸ ಕೈಬಿಡಬೇಕಿಲ್ಲ. ಆದರೆ ಅಳೆಯಬೇಕಾದ್ದು ಟೌ ಅಲ್ಲ, ಬೇರೆ. ಅದು ಆರನೇ ಹಂತದಲ್ಲಿದೆ.

## ಹಂತ 2: ದತ್ತಾಂಶ ತನ್ನಿ, ಅದರ ಊನಗಳನ್ನೂ ಬರೆದಿಟ್ಟುಕೊಳ್ಳಿ

ಪಿಜಿ 1302-102ಕ್ಕೆ ಮೂರು ಮೂಲಗಳು ಸಿಗುತ್ತವೆ: ಸಿಆರ್‌ಟಿಎಸ್ ಎಂಬ ಕೆಟಲಿನಾ ಸಮೀಕ್ಷೆ, ಅಸಾಸ್-ಎಸ್‌ಎನ್, ಝಡ್‌ಟಿಎಫ್. ಕೆಟಲಿನಾ ಯಾವ ಫಿಲ್ಟರ್ ಇಲ್ಲದೆ ತೆಗೆದದ್ದು. ಅಸಾಸ್-ಎಸ್‌ಎನ್ ಮೊದಲು ವಿ ಬಣ್ಣದಲ್ಲಿತ್ತು, ಆಮೇಲೆ ಜಿ ಬಣ್ಣಕ್ಕೆ ಬದಲಾಯಿತು. ಅದರ ಒಂದೊಂದು ಪಿಕ್ಸೆಲ್ 8 ಆರ್ಕ್‌ಸೆಕೆಂಡ್ ಅಗಲ, ಹಾಗಾಗಿ ಪಕ್ಕದ ನಕ್ಷತ್ರದ ಬೆಳಕು ಸೇರಿಕೊಳ್ಳುವ ಅಪಾಯವಿದೆ. ಝಡ್‌ಟಿಎಫ್‌ನಲ್ಲಿ ಒಂದೇ ವಸ್ತುವಿಗೆ ಕ್ಷೇತ್ರ, ಸಿಸಿಡಿ ಮತ್ತು ಫಿಲ್ಟರ್ ಬದಲಾದಂತೆ ಬೇರೆ ಬೇರೆ ಗುರುತು ಸಂಖ್ಯೆ. ಇದನ್ನು ಗಮನಿಸದೆ ಎಲ್ಲವನ್ನೂ ಒಂದೇ ಪಟ್ಟಿಗೆ ಸುರಿದವರು ಆಮೇಲೆ ಇಲ್ಲದ ಜಿಗಿತಗಳನ್ನು ಕಂಡು ಬೆರಗಾಗುತ್ತಾರೆ. ಗುಣಮಟ್ಟದ ಸೂಚಕ ಸೊನ್ನೆ ಇರುವ ಬಿಂದುಗಳನ್ನು ಮಾತ್ರ ಇಟ್ಟುಕೊಳ್ಳಿ.

ಕ್ವೇಸಾರ್ ಆಯ್ಕೆಯಲ್ಲೂ ಎಚ್ಚರ ಬೇಕು. 3ಸಿ 273 ಆಸೆ ಹುಟ್ಟಿಸುವಷ್ಟು ಪ್ರಖರ, ಕಾಂತಿಮಾನ 13ರ ಹತ್ತಿರ. ಆದರೆ ಅಷ್ಟು ಬೆಳಕಿಗೆ ಝಡ್‌ಟಿಎಫ್ ಕ್ಯಾಮೆರಾ ತುಂಬಿಹೋಗುವ ಅಂಚಿಗೆ ಬರುತ್ತದೆ. ಅಲ್ಲದೆ ಅದಕ್ಕೆ ಜೆಟ್ ಇದೆ, ಅಂದರೆ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಕಣಗಳ ಧಾರೆ. ಜೆಟ್ಟಿನ ಮಿನುಗು ತಟ್ಟೆಯ ಏರಿಳಿತದೊಂದಿಗೆ ಬೆರೆತರೆ ನೀವು ಯಾವುದಕ್ಕೆ ಮಾದರಿ ಹೊಂದಿಸುತ್ತಿದ್ದೀರಿ ಎಂಬುದೇ ಗೊತ್ತಾಗುವುದಿಲ್ಲ. ಗುರುತ್ವ ಮಸೂರದಿಂದ ಎರಡು ಮೂರಾಗಿ ಕಾಣುವ ಕ್ವೇಸಾರ್‌ಗಳನ್ನೂ ಮೊದಮೊದಲು ಬಿಟ್ಟುಬಿಡಿ.

## ಹಂತ 3: ಶುಚಿ ಮಾಡಿ, ಆದರೆ ಹದ ಮೀರಬೇಡಿ

ಮೊದಲು ಒಂದೇ ರಾತ್ರಿಯ ಬಿಂದುಗಳನ್ನು ಸೇರಿಸಿ ತೂಕದ ಸರಾಸರಿ ಮಾಡಿ. ಕೆಟಲಿನಾ ಅರ್ಧ ಗಂಟೆಯೊಳಗೆ ನಾಲ್ಕು ಚಿತ್ರ ತೆಗೆಯುತ್ತಿತ್ತು. ಅವುಗಳನ್ನು ನಾಲ್ಕು ಬೇರೆ ಮಾಹಿತಿ ಎಂದು ಎಣಿಸಬಾರದು.

ಆಮೇಲೆ ಹೊರಬಿದ್ದ ಬಿಂದುಗಳು. ಇಡೀ ಲೈಟ್ ಕರ್ವ್‌ನ ಸರಾಸರಿ ತೆಗೆದು ಮೂರು ಸಿಗ್ಮಾ ಆಚೆಗಿನದನ್ನು ಕತ್ತರಿಸುವುದು ಇಲ್ಲಿನ ದೊಡ್ಡ ತಪ್ಪು. ಕ್ವೇಸಾರ್ ನಿಜವಾಗಿಯೂ ಒಂದು ಋತುವಿಡೀ ಮಂಕಾಗಿದ್ದರೆ ಆ ಋತುವೇ ಕತ್ತರಿಸಿ ಹೋಗುತ್ತದೆ. ದನ ದೂರ ಹೋದಾಗಲೆಲ್ಲ ಕಣ್ಣು ಮುಚ್ಚಿಕೊಂಡು, ಹಗ್ಗ ಚಿಕ್ಕದು ಎಂದ ಹಾಗಾಯಿತು. ಬದಲಿಗೆ ಪ್ರತಿ ಬಿಂದುವಿನ ಹಿಂದೆ ಮುಂದೆ ಇಪ್ಪತ್ತು ದಿನಗಳ ಮಧ್ಯಾಂಕ ತೆಗೆಯಿರಿ. ಆ ನೆರೆಹೊರೆಯ ಚದುರುವಿಕೆಗಿಂತ ಐದು ಪಟ್ಟು ಆಚೆ ಇದ್ದರೆ ಮಾತ್ರ ತೆಗೆದುಹಾಕಿ, ತೆಗೆದದ್ದನ್ನು ಪಟ್ಟಿ ಮಾಡಿ.

ದೋಷದ ಅಂದಾಜನ್ನು ಕಣ್ಣು ಮುಚ್ಚಿ ನಂಬಬೇಡಿ. ಅದೇ ಚಿತ್ರದಲ್ಲಿ, ಅದೇ ಕಾಂತಿಮಾನದ, ಮಿನುಗದ ಹತ್ತು ನಕ್ಷತ್ರಗಳನ್ನು ಹುಡುಕಿ. ಅವುಗಳ ಚದುರುವಿಕೆ 0.03 ಇದ್ದು, ಪಟ್ಟಿಯಲ್ಲಿ ದೋಷ 0.015 ಎಂದಿದ್ದರೆ ಪಟ್ಟಿ ತಪ್ಪು ಹೇಳುತ್ತಿದೆ. ದೋಷ ಕಡಿಮೆ ಎಂದುಕೊಂಡರೆ ಮಾದರಿ ಗದ್ದಲವನ್ನೇ ವೇಗದ ಏರಿಳಿತ ಎಂದು ಓದಿ, ಟೌ ಕುಸಿಯುತ್ತದೆ. ದೋಷ ಹೆಚ್ಚೆಂದುಕೊಂಡರೆ ನಿಜವಾದ ಸಣ್ಣ ಏರಿಳಿತ ಅದರೊಳಗೆ ಮುಚ್ಚಿಹೋಗಿ, ಟೌ ಉಬ್ಬುತ್ತದೆ.

ಇಳಿಜಾರು ಕಂಡರೆ ಅದನ್ನು ನೇರ ಗೆರೆಯಿಂದ ಕಳೆಯುವ ಅಭ್ಯಾಸ ಬೇರೆ ಕ್ಷೇತ್ರಗಳಿಂದ ಬಂದದ್ದು. ಇಲ್ಲಿ ಅದು ಬೇಡ. ದೀರ್ಘಕಾಲದ ಇಳಿಜಾರೇ ನೀವು ಅಳೆಯಲು ಹೊರಟ ವಸ್ತು.

## ಹಂತ 4: ಸಮೀಕ್ಷೆಗಳನ್ನು ಹೊಲಿಯುವುದು

ಉದ್ದ ಬೇಕೆಂದರೆ ಹೊಲಿಯಲೇಬೇಕು. ಕೆಟಲಿನಾದ ಎರಡನೇ ಸಾರ್ವಜನಿಕ ಬಿಡುಗಡೆ 2013ರ ಹೊತ್ತಿಗೆ ಮುಗಿಯುತ್ತದೆ, ಝಡ್‌ಟಿಎಫ್ 2018ರಲ್ಲಿ ಶುರು. ನಡುವೆ ಐದು ವರ್ಷದ ಹೊಂಡ. ಪಿಜಿ 1302-102 ಪ್ರಖರವಾದ್ದರಿಂದ ಅಸಾಸ್-ಎಸ್‌ಎನ್ ಸೇತುವೆಯಾಗಿ ನಿಲ್ಲುತ್ತದೆ. ಕಾಂತಿಮಾನ 19ರ ಕ್ವೇಸಾರ್‌ಗೆ ಈ ಸೇತುವೆ ಇಲ್ಲ.

ಎರಡು ಸಮೀಕ್ಷೆಗಳು ಒಂದೇ ಕಾಲದಲ್ಲಿ ನೋಡಿದ ರಾತ್ರಿಗಳಿಂದ ವ್ಯತ್ಯಾಸದ ಮಧ್ಯಾಂಕ ತೆಗೆದು ಒಂದನ್ನು ಸರಿಸಿ. ಎರಡರ ಸರಾಸರಿಗಳನ್ನು ಸಮ ಮಾಡಿ ಜೋಡಿಸಬೇಡಿ. ಸರಾಸರಿ ಸಮ ಮಾಡುವುದೆಂದರೆ ಎರಡು ಅವಧಿಗಳ ನಡುವಿನ ನಿಜವಾದ ಬದಲಾವಣೆಯನ್ನು ಅಳಿಸಿಹಾಕುವುದು. ಒಟ್ಟಿಗೆ ನೋಡಿದ ರಾತ್ರಿಗಳು ಸಾಲದಿದ್ದರೆ ಆ ವ್ಯತ್ಯಾಸವನ್ನೇ ಮಾದರಿಯ ಇನ್ನೊಂದು ಅಜ್ಞಾತವಾಗಿ ಬಿಡಿ. ಉತ್ತರದ ಅನಿಶ್ಚಿತತೆ ಹಿಗ್ಗುತ್ತದೆ, ಅದು ಪ್ರಾಮಾಣಿಕವಾದ ಹಿಗ್ಗು.

ಬಣ್ಣದ ಮಾತೂ ಇದೆ. ಕ್ವೇಸಾರ್ ನೀಲಿಯಲ್ಲಿ ಹೆಚ್ಚು ಏರಿಳಿಯುತ್ತದೆ, ಕೆಂಪಿನಲ್ಲಿ ಕಡಿಮೆ. ಹಾಗಾಗಿ ಒಂದು ಸ್ಥಿರ ಸಂಖ್ಯೆ ಕೂಡಿಸಿದ ಮಾತ್ರಕ್ಕೆ ಜಿ (ಹಸಿರು) ಮತ್ತು ಆರ್ (ಕೆಂಪು) ಫಿಲ್ಟರ್‌ಗಳ ಬಿಂದುಗಳು ಒಂದಾಗುವುದಿಲ್ಲ. ಹತ್ತಿರದ ಬಣ್ಣಗಳನ್ನೇ ಹೊಲಿಯಿರಿ. ಬೆಂಗಳೂರು ಬಳಿಯ ಹೊಸಕೋಟೆಯಿಂದ ದೂರನಿಯಂತ್ರಣದಲ್ಲಿ ನಡೆಯುವ ಹಾನ್ಲೆಯ ಹಿಮಾಲಯನ್ ಚಂದ್ರ ದೂರದರ್ಶಕದಂಥ ಕಡೆ ನಿಮ್ಮದೇ ಕೆಲವು ರಾತ್ರಿಗಳ ವೀಕ್ಷಣೆ ಸಿಕ್ಕಿದ್ದರೂ ನಿಯಮ ಇದೇ. ಸಮೀಕ್ಷೆಯ ಜೊತೆ ಕಾಲ ಹೊಂದದ ನಾಲ್ಕು ಬಿಂದುಗಳು ಎಷ್ಟೇ ನಿಖರವಾಗಿದ್ದರೂ ಸಹಾಯಕ್ಕಿಂತ ಹಾನಿಯೇ ಹೆಚ್ಚು ಮಾಡಬಲ್ಲವು.

## ಹಂತ 5: ಸ್ಟ್ರಕ್ಚರ್ ಫಂಕ್ಷನ್ ಬರೆದು ನೋಡಿ, ಅದಕ್ಕೆ ಗೆರೆ ಹೊಂದಿಸಬೇಡಿ

ಪ್ರತಿ ಎರಡು ಬಿಂದುಗಳ ಕಾಂತಿಮಾನ ವ್ಯತ್ಯಾಸವನ್ನು ಅವುಗಳ ಕಾಲಾಂತರದ ಎದುರು ಇಟ್ಟರೆ ಸ್ಟ್ರಕ್ಚರ್ ಫಂಕ್ಷನ್. ದೀರ್ಘ ಅಂತರದಲ್ಲಿ ಏರಿಳಿತ 0.2, ಟೌ 200 ದಿನ ಇದ್ದರೆ ಹತ್ತು ದಿನಕ್ಕೆ 0.044, ಮೂವತ್ತು ದಿನಕ್ಕೆ 0.075, ಇನ್ನೂರು ದಿನಕ್ಕೆ 0.16 ಬರಬೇಕು. ಬಿಂದುಗಳ ದೋಷ 0.05 ಇದ್ದರೆ ಹತ್ತು ದಿನದ ಏರಿಳಿತ ಗದ್ದಲದಲ್ಲಿ ಮುಳುಗಿದೆ ಎಂದು ಇಲ್ಲೇ ಗೊತ್ತಾಗುತ್ತದೆ.

ಗೆರೆ ಕೊನೆಗೆ ಚಪ್ಪಟೆಯಾಗುತ್ತದೆಯೇ ನೋಡಿ. ಆಗದಿದ್ದರೆ ಟೌ ನಿಮ್ಮ ಅವಧಿಯೊಳಗಿಲ್ಲ. ಚಪ್ಪಟೆಯಾದರೂ ಹಿಗ್ಗಬೇಡಿ, ಕಡಿಮೆ ಅವಧಿಯ ಕರ್ವ್‌ಗಳಲ್ಲಿ ಸುಳ್ಳು ಚಪ್ಪಟೆ ಬರುವುದುಂಟು. ಒಂದೇ ಬಿಂದು ನೂರಾರು ಜೋಡಿಗಳಲ್ಲಿ ಸೇರಿರುವುದರಿಂದ ಗೆರೆಯ ಬಿಂದುಗಳು ಒಂದಕ್ಕೊಂದು ಅಂಟಿಕೊಂಡಿವೆ. ಇದಕ್ಕೆ ಲೀಸ್ಟ್ ಸ್ಕ್ವೇರ್ ಹೊಂದಿಸಿ ಪಡೆದ ದೋಷಪಟ್ಟಿಗೆ ಅರ್ಥವಿಲ್ಲ.

## ಹಂತ 6: ಮಾದರಿ ಹೊಂದಿಸಿ

ಸೆಲೆರೈಟ್‌ನ ಒಂದೇ ಘಾತೀಯ ಪದ ಡಿಆರ್‌ಡಬ್ಲ್ಯೂ ಆಗುತ್ತದೆ. ಅದಕ್ಕೆ ಎರಡು ಸಂಖ್ಯೆ ಕೊಡಬೇಕು: ಮೊದಲನೆಯದು ಸಿಗ್ಮಾದ ವರ್ಗ, ಎರಡನೆಯದು ಒಂದನ್ನು ಟೌನಿಂದ ಭಾಗಿಸಿದ್ದು. ಸಿಗ್ಮಾ ಮತ್ತು ಟೌ ಅನ್ನೇ ನೇರವಾಗಿ ಕೊಟ್ಟವರನ್ನು ನೋಡಿದ್ದೇನೆ. ಕೋಡ್ ದೂರು ಹೇಳದೆ ಓಡುತ್ತದೆ, ಉತ್ತರ ಮಾತ್ರ ತಪ್ಪು. ಲಾಗರಿದಮ್ ಯಾವ ಆಧಾರದ್ದು ಎಂಬುದೂ ಹಾಗೆಯೇ. ಲಾಗ್ ಟೌ 5.5 ಎಂದರೆ ಸ್ವಾಭಾವಿಕ ಲಾಗ್‌ನಲ್ಲಿ 245 ದಿನ, ಹತ್ತರ ಲಾಗ್‌ನಲ್ಲಿ ಮೂರು ಲಕ್ಷ ದಿನ ದಾಟುತ್ತದೆ.

ಸರಾಸರಿಯನ್ನು ಮೊದಲೇ ಕಳೆದುಬಿಡಬೇಡಿ, ಅದನ್ನೂ ಅಜ್ಞಾತವಾಗಿ ಇಡಿ. ಜೊತೆಗೆ ಒಂದು ಹೆಚ್ಚುವರಿ ಗದ್ದಲದ ಪದವನ್ನೂ ಸೇರಿಸಿ, ದೋಷದ ಅಂದಾಜಿನಲ್ಲಿ ಉಳಿದ ಕೊರತೆಯನ್ನು ಅದು ಹೊರುತ್ತದೆ. ಸಿಗ್ಮಾ, ಟೌ ಎರಡಕ್ಕೂ ಲಾಗ್‌ನಲ್ಲಿ ಸಮನಾದ ಪೂರ್ವನಂಬಿಕೆ. ಟೌಗೆ ಒಂದು ದಿನದಿಂದ ವೀಕ್ಷಣೆಯ ಹತ್ತು ಪಟ್ಟಿನವರೆಗೆ ಜಾಗ ಬಿಡಿ.

ವರ್ಷದ ಖಾಲಿ ತಿಂಗಳುಗಳನ್ನು ತುಂಬಲು ಹೋಗಬೇಡಿ. ಪಿಜಿ 1302-102ರ ಬಳಿ ಸೂರ್ಯ ಅಕ್ಟೋಬರ್‌ನಲ್ಲಿರುತ್ತಾನೆ, ಹಾಗಾಗಿ ಅದರ ಆಚೀಚೆ ಕೆಲವು ತಿಂಗಳು ಬಿಂದುಗಳೇ ಇರುವುದಿಲ್ಲ. ಈ ವಿಧಾನಕ್ಕೆ ಸಮ ಅಂತರದ ಬಿಂದುಗಳು ಬೇಕಿಲ್ಲ. ಗೆರೆ ಎಳೆದು ತುಂಬಿದರೆ ನೀವೇ ಹುಟ್ಟಿಸಿದ ನಯವಾದ ಬೆಳಕನ್ನು ಮಾದರಿ ನಿಜ ಎಂದು ನಂಬುತ್ತದೆ.

ಎಮ್ಸೀ ಓಡಿಸಿದ ಮೇಲೆ ಮೂರು ಎಚ್ಚರಿಕೆಯ ಗುರುತುಗಳನ್ನು ಹುಡುಕಿ. ಟೌನ ಹಂಚಿಕೆ ಮೇಲಿನ ಮಿತಿಗೆ ಒರಗಿ ನಿಂತಿದ್ದರೆ ಅವಧಿ ಸಾಲದು. ಟೌ ನಿಮ್ಮ ಎರಡು ವೀಕ್ಷಣೆಗಳ ಸಾಮಾನ್ಯ ಅಂತರಕ್ಕಿಂತ ಕಡಿಮೆ ಬಂದಿದ್ದರೆ ಸಿಕ್ಕಿದ್ದು ಗದ್ದಲ, ಮೂರನೇ ಹಂತಕ್ಕೆ ಮರಳಿ. ಸಿಗ್ಮಾ ಮತ್ತು ಟೌ ಉದ್ದನೆಯ ಓರೆ ಪಟ್ಟಿಯಾಗಿ ಒಟ್ಟಿಗೆ ಏರುತ್ತಿದ್ದರೆ ಅವೆರಡನ್ನೂ ಬೇರ್ಪಡಿಸುವ ಶಕ್ತಿ ದತ್ತಾಂಶಕ್ಕಿಲ್ಲ. ಆಗಲೂ ಒಂದು ಸಂಗತಿ ಗಟ್ಟಿಯಾಗಿ ಸಿಗುತ್ತದೆ: ಸಿಗ್ಮಾದ ವರ್ಗವನ್ನು ಟೌನಿಂದ ಭಾಗಿಸಿದ ಪ್ರಮಾಣ. ಹಗ್ಗ ಎಷ್ಟು ಉದ್ದ ಎಂದು ತಿಳಿಯದಿದ್ದರೂ ದನದ ಹೆಜ್ಜೆ ಎಷ್ಟು ದೊಡ್ಡದು ಎಂದು ಹೇಳಬಹುದು. ದೂರದ ಕ್ವೇಸಾರ್‌ಗಳಿಗೆ ಟೌ ಬದಲು ಇದನ್ನೇ ಕೊಡಿ.

## ಹಂತ 7: ಉಳಿಕೆಗಳನ್ನು ಪರೀಕ್ಷಿಸಿ

ಹಿಂದಿನ ಬಿಂದುಗಳಿಂದ ಮುಂದಿನದನ್ನು ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಊಹೆಯ ಅನಿಶ್ಚಿತತೆಯಿಂದ ಭಾಗಿಸಿ. ಮಾದರಿ ಒಪ್ಪುವುದಾದರೆ ಇವುಗಳ ಸರಾಸರಿ ಸೊನ್ನೆ, ಮಾನಕ ವಿಚಲನೆ ಒಂದು, ಒಂದಕ್ಕೊಂದು ನಂಟಿಲ್ಲ. 400 ಬಿಂದುಗಳಿದ್ದರೆ ಸ್ವಸಂಬಂಧ (ಹಿಂದುಮುಂದಿನ ಉಳಿಕೆಗಳ ನಡುವಿನ ನಂಟಿನ ಅಳತೆ) ಸೊನ್ನೆಯಿಂದ 0.1ರ ಆಚೀಚೆ ಮಿತಿಯೊಳಗೆ ಇರಬೇಕು. ಇಪ್ಪತ್ತರಲ್ಲಿ ಒಂದು ಹೊರಗೆ ಬಿದ್ದರೆ ಸಹಜ, ಮೊದಲ ಎರಡು ಮೂರು ಸಾಲಾಗಿ ಹೊರಬಿದ್ದರೆ ಅಲ್ಲ.

ಡಿಆರ್‌ಡಬ್ಲ್ಯೂ ಎಲ್ಲ ಕಡೆ ಸರಿಯಾಗಬೇಕೆಂದೇನೂ ಇಲ್ಲ. ಕೆಪ್ಲರ್ ಬಾಹ್ಯಾಕಾಶ ದೂರದರ್ಶಕ ನೋಡಿದ ಕೆಲವು ಸಕ್ರಿಯ ಗೆಲಾಕ್ಸಿಗಳಲ್ಲಿ ಕೆಲವೇ ದಿನಗಳ ಏರಿಳಿತ ಡಿಆರ್‌ಡಬ್ಲ್ಯೂ ಹೇಳುವುದಕ್ಕಿಂತ ನಯವಾಗಿತ್ತು ಎಂದು 2011ರಲ್ಲೇ ಕಂಡುಬಂದಿದೆ. ನಿಮ್ಮ ವೀಕ್ಷಣೆ ಅಷ್ಟು ದಟ್ಟವಾಗಿದ್ದರೆ ಈಝ್‌ಟಾವ್ ಪ್ಯಾಕೇಜಿನಲ್ಲಿರುವ ಎರಡನೇ ಕ್ರಮದ ಮಾದರಿ ಪ್ರಯತ್ನಿಸಿ. ಮೂರು ದಿನಕ್ಕೊಂದು ಬಿಂದು ಇರುವ ಕರ್ವ್‌ಗೆ ಅದರ ಹೆಚ್ಚುವರಿ ಅಜ್ಞಾತಗಳು ಬರೀ ಹೊರೆ.

ಸರಾಸರಿಯೇ ಸ್ಥಳ ಬದಲಿಸುವ ಕ್ವೇಸಾರ್‌ಗಳೂ ಇವೆ. 2015ರಲ್ಲಿ ವರದಿಯಾದ ಎಸ್‌ಡಿಎಸ್‌ಎಸ್ ಜೆ0159+0033 ಸುಮಾರು ಹತ್ತು ವರ್ಷದಲ್ಲಿ ತನ್ನ ಅಗಲ ರೋಹಿತರೇಖೆಗಳ ಬಹುಭಾಗವನ್ನೇ ಕಳೆದುಕೊಂಡಿತ್ತು. ಅಲ್ಲಿ ಗೂಟವೇ ಕಿತ್ತು ಬಂದಿದೆ, ಗೂಟ ಕದಲುವುದಿಲ್ಲ ಎಂಬ ಊಹೆಯ ಮೇಲೆ ನಿಂತ ಮಾದರಿ ಅದಕ್ಕೆ ಒಗ್ಗುವುದಿಲ್ಲ.

## ಹಂತ 8: ನಕಲಿ ಲೈಟ್ ಕರ್ವ್ ಸೃಷ್ಟಿಸಿ, ಹಾಕಿದ್ದು ತಿರುಗಿ ಬರುತ್ತದೆಯೇ ನೋಡಿ

ಸಮಯ ಕಡಿಮೆ ಇದ್ದರೆ ಬೇರೆ ಯಾವುದನ್ನಾದರೂ ಚುಟುಕಾಗಿ ಮುಗಿಸಿ, ಇದನ್ನು ಮಾತ್ರ ಬಿಡಬೇಡಿ.

ನಿಮ್ಮ ನಿಜವಾದ ದಿನಾಂಕಗಳನ್ನೇ ಇಟ್ಟುಕೊಳ್ಳಿ. ಮೊದಲ ಬಿಂದುವನ್ನು ಸರಾಸರಿಯ ಸುತ್ತ ಸಿಗ್ಮಾದಷ್ಟು ಹರಡಿದ ಸಹಜ ಹಂಚಿಕೆಯಿಂದ ಆರಿಸಿ. ಸರಾಸರಿಯಿಂದಲೇ ಹೊರಟರೆ ಪ್ರತಿ ನಕಲಿಯೂ ಗೂಟದ ಬುಡದಿಂದ ಶುರುವಾಗಿ ಫಲಿತಾಂಶ ವಾಲುತ್ತದೆ. ಮುಂದಿನ ಪ್ರತಿ ದಿನಾಂಕಕ್ಕೆ, ಹಿಂದಿನ ಬಿಂದು ಸರಾಸರಿಯಿಂದ ಎಷ್ಟು ದೂರವಿತ್ತೋ ಅದನ್ನು ಕುಗ್ಗುಗುಣಕದಿಂದ ಗುಣಿಸಿ. ಎರಡು ದಿನಾಂಕಗಳ ಅಂತರವನ್ನು ಟೌನಿಂದ ಭಾಗಿಸಿ, ಋಣ ಚಿಹ್ನೆ ಹಾಕಿ, e ಸಂಖ್ಯೆಗೆ ಘಾತವಾಗಿ ಏರಿಸಿದರೆ ಈ ಗುಣಕ ಸಿಗುತ್ತದೆ. ಒಂದರಿಂದ ಆ ಗುಣಕದ ವರ್ಗವನ್ನು ಕಳೆದು, ವರ್ಗಮೂಲ ತೆಗೆದು, ಸಿಗ್ಮಾದಿಂದ ಗುಣಿಸಿದಷ್ಟು ಹರವಿನ ಯಾದೃಚ್ಛಿಕ ಹೆಜ್ಜೆ ಸೇರಿಸಿ.

ಸಂಖ್ಯೆಯಲ್ಲಿ ಹೇಳುವುದಾದರೆ, ಕಾಣುವ ಟೌ 256 ದಿನ, ಸಿಗ್ಮಾ 0.141. ಮೂವತ್ತು ದಿನದ ಅಂತರಕ್ಕೆ ಕುಗ್ಗುಗುಣಕ 0.89, ಹೊಸ ಹೆಜ್ಜೆಯ ಹರವು 0.065. ನೂರೆಂಬತ್ತು ದಿನದ ಹೊಂಡ ದಾಟಿದರೆ ಗುಣಕ 0.495, ಹರವು 0.12. ಅರ್ಧ ನೆನಪು ಹೋಗಿದೆ, ಅರ್ಧ ಉಳಿದಿದೆ. ಕೊನೆಗೆ ಪ್ರತಿ ಬಿಂದುವಿಗೆ ಅದರದ್ದೇ ದೋಷದಷ್ಟು ಗದ್ದಲ ಬೆರೆಸಿ.

ಈಗ ಟೌ ಅನ್ನು 100, 200, 500, 1,000, 3,000 ದಿನ ಎಂದು ಬದಲಿಸುತ್ತ ಪ್ರತಿಯೊಂದಕ್ಕೂ ನೂರಾರು ನಕಲಿ ಮಾಡಿ, ಆರನೇ ಹಂತದ ಕೋಡನ್ನೇ ಅವುಗಳ ಮೇಲೆ ಓಡಿಸಿ. ಹಾಕಿದ ಟೌ ಅಡ್ಡಕ್ಕೆ, ಬಂದ ಟೌ ಉದ್ದಕ್ಕೆ ಇಟ್ಟು ಚಿತ್ರ ಬರೆಯಿರಿ. ಮೊದಲು ಎರಡೂ ಜೊತೆಯಾಗಿ ಏರುತ್ತವೆ. ಒಂದು ಜಾಗದಿಂದ ಮುಂದೆ ಹಾಕಿದ್ದು ಏರುತ್ತ ಹೋದರೂ ಬಂದದ್ದು ಏರಲು ಹಿಂಜರಿಯುತ್ತದೆ. ಆ ತಿರುವೇ ನಿಮ್ಮ ದತ್ತಾಂಶದ ಮಿತಿ. ನಿಜವಾದ ಕ್ವೇಸಾರ್‌ನ ಟೌ ಆ ತಿರುವಿನ ಹತ್ತಿರ ಬಿದ್ದಿದ್ದರೆ ಅದನ್ನು ಅಳತೆ ಎನ್ನಬೇಡಿ, ಕೆಳಮಿತಿ ಎನ್ನಿ.

## ಹಂತ 9: ಆವರ್ತನೆ ಕಂಡಂತೆ ಅನ್ನಿಸಿದರೆ

2015ರಲ್ಲಿ ಗ್ರಹಾಂ ಮತ್ತು ಸಂಗಡಿಗರು ಪಿಜಿ 1302-102ರ ಬೆಳಕು ಸುಮಾರು 1,884 ದಿನಕ್ಕೊಮ್ಮೆ ಏರಿಳಿಯುತ್ತದೆ, ಒಂದನ್ನೊಂದು ಸುತ್ತುವ ಎರಡು ಕಪ್ಪುಕುಳಿಗಳು ಇರಬಹುದು ಎಂದು ವರದಿ ಮಾಡಿದರು. ಆದರೆ ಕೆಟಲಿನಾದ ಒಂಬತ್ತು ವರ್ಷದಲ್ಲಿ ಅಷ್ಟುದ್ದದ ಸುತ್ತು ಎರಡೂ ಪೂರ್ಣವಾಗುವುದಿಲ್ಲ. 2016ರಲ್ಲಿ ವಾನ್ ಮತ್ತು ಸಂಗಡಿಗರು ಬರೀ ಯಾದೃಚ್ಛಿಕ ನಡಿಗೆಯೂ ಎರಡು ಮೂರು ಸುತ್ತಿನ ಮಟ್ಟಿಗೆ ಸೈನ್ ಅಲೆಯಂತೆ ಕಾಣಬಲ್ಲದು ಎಂದು ತೋರಿಸಿದರು. 2018ರಲ್ಲಿ ಅಸಾಸ್-ಎಸ್‌ಎನ್ ಬಿಂದುಗಳನ್ನು ಸೇರಿಸಿದಾಗ ಆವರ್ತನೆಯ ಪುರಾವೆ ಬಲವಾಗುವ ಬದಲು ದುರ್ಬಲವಾಯಿತು.

ಆವರ್ತನೆ ಹುಡುಕುವ ಲೋಂಬ್-ಸ್ಕಾರ್ಗಲ್ ವಿಧಾನ ಕೊಡುವ ಸಿದ್ಧ ಸುಳ್ಳುಎಚ್ಚರಿಕೆ ಸಂಭಾವ್ಯತೆ ಬಿಳಿ ಗದ್ದಲವನ್ನು, ಅಂದರೆ ಬಿಂದುಗಳ ನಡುವೆ ನಂಟಿಲ್ಲದ ಗದ್ದಲವನ್ನು, ಊಹಿಸಿಕೊಂಡದ್ದು. ಕ್ವೇಸಾರ್‌ಗೆ ಅದು ಉಪಯೋಗವಿಲ್ಲ. ಎಂಟನೇ ಹಂತದ ನಕಲಿಗಳನ್ನೇ ಸಾವಿರಗಟ್ಟಲೆ ಮಾಡಿ, ಪ್ರತಿಯೊಂದರ ಅತಿ ಎತ್ತರದ ಶಿಖರ ತೆಗೆದು, ನಿಜವಾದ ಶಿಖರವನ್ನು ಎಷ್ಟು ನಕಲಿಗಳು ಮೀರಿದವು ಎಂದು ಎಣಿಸಿ. ಒಂದು ವರ್ಷದ ಹತ್ತಿರದ ಆವರ್ತನೆ, ವೀಕ್ಷಣೆಯ ಉದ್ದ ಅಥವಾ ಅದರ ಅರ್ಧದ ಹತ್ತಿರದ ಆವರ್ತನೆ ಬಂದರೆ ಮೊದಲು ಅನುಮಾನಿಸಿ. ಐದು ಸುತ್ತಾದರೂ ಕಾಣದೆ ನಾನು ಆವರ್ತನೆ ಎಂಬ ಪದ ಬಳಸುವುದಿಲ್ಲ. ಪಿಜಿ 1302-102ಕ್ಕೆ ಅದೆಂದರೆ ಸುಮಾರು 26 ವರ್ಷ.

ಎಷ್ಟು ಕ್ವೇಸಾರ್‌ಗಳಲ್ಲಿ ಹುಡುಕಿದಿರಿ ಎಂಬುದೂ ಲೆಕ್ಕಕ್ಕೆ ಬರಬೇಕು. ಕೆಟಲಿನಾ ಹುಡುಕಾಟ ಸುಮಾರು 2.4 ಲಕ್ಷ ಕ್ವೇಸಾರ್‌ಗಳನ್ನು ಜಾಲಾಡಿ 111 ಅಭ್ಯರ್ಥಿಗಳನ್ನು ಪಟ್ಟಿ ಮಾಡಿತು. ಹತ್ತು ಸಾವಿರಕ್ಕೊಂದು ಸಲ ಆಕಸ್ಮಿಕವಾಗಿ ಆಗುವಂಥದ್ದು 2.4 ಲಕ್ಷದಲ್ಲಿ ಇಪ್ಪತ್ನಾಲ್ಕು ಸಲ ಆಗಿಯೇ ಆಗುತ್ತದೆ.

## ಹಂತ 10: ಫಲಿತಾಂಶ ಬರೆಯುವಾಗ

ಟೌ ನಮಗೆ ಕಾಣುವ ಕಾಲದಲ್ಲೋ ಕ್ವೇಸಾರ್‌ನ ಕಾಲದಲ್ಲೋ ಸ್ಪಷ್ಟವಾಗಿ ಹೇಳಿ. ಸಿಗ್ಮಾ ಬರೆಯುವಾಗ ಅದು ಸರಾಸರಿಯಿಂದ ವಿಚಲನೆಯೋ ಅಥವಾ ಸ್ಟ್ರಕ್ಚರ್ ಫಂಕ್ಷನ್‌ನ ಕೊನೆಯ ಎತ್ತರವೋ ಎಂದು ತಿಳಿಸಿ, ಎರಡನೆಯದು ಮೊದಲನೆಯದರ ಸುಮಾರು 1.41 ಪಟ್ಟು (2ರ ವರ್ಗಮೂಲ) ಇರುತ್ತದೆ. ಒಂದೇ ಸಂಖ್ಯೆ ಕೊಡದೆ ಹಂಚಿಕೆಯ ಮಧ್ಯಾಂಕದ ಜೊತೆ 16 ಮತ್ತು 84 ಶತಮಾನಕಗಳನ್ನೂ ಕೊಡಿ. ವೀಕ್ಷಣೆಯ ಒಟ್ಟು ಉದ್ದವನ್ನು ಟೌನಿಂದ ಭಾಗಿಸಿದ ಸಂಖ್ಯೆಯನ್ನು ಅದರ ಪಕ್ಕದಲ್ಲೇ ಇಡಿ, ಓದುವವರು ಮೊದಲು ನೋಡುವುದು ಅದನ್ನೇ ಆಗಲಿ. ಎಂಟನೇ ಹಂತದ ಚಿತ್ರ, ತೆಗೆದುಹಾಕಿದ ಬಿಂದುಗಳ ಪಟ್ಟಿ, ಸಮೀಕ್ಷೆಗಳ ನಡುವೆ ನೀವು ಬಳಸಿದ ಸರಿಹೊಂದಿಕೆ ಮತ್ತು ನಕಲಿ ಸೃಷ್ಟಿಗೆ ಬಳಸಿದ ಯಾದೃಚ್ಛಿಕ ಬೀಜಸಂಖ್ಯೆ, ಇವು ನಾಲ್ಕನ್ನೂ ಕೋಡಿನ ಜೊತೆ ಒಂದೇ ಕಡತಕೋಶದಲ್ಲಿ ಉಳಿಸಿ.